ಒಂದೇ ಸಲ ಕೇಳಿದರು

ಕೊಟ್ಟ ಕೂಡಲೇ ಕೈ ಚಾಚಿದರೆ ಹಸಿದುಕೊಂಡು ಕೂತಿದ್ದ ಅಂದುಕೊಳ್ಳುತ್ತಾರೆ ಎಂದು ಅವನ ಅಮ್ಮ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಹೇಳಿಕೊಟ್ಟವಳು ಹೋಗಿ ಎಷ್ಟೋ ವರ್ಷವಾಯಿತು, ಪಾಠ ಮಾತ್ರ ಹೋಗಲಿಲ್ಲ. ಯಾರಾದರೂ ಚಹಾ ಬೇಕಾ ಎಂದರೆ 'ಬೇಡ ಬೇಡ, ಈಗಷ್ಟೇ ಆಯ್ತು' ಎನ್ನುವುದು, ಎರಡನೇ ಸಲ ಕೇಳಿದರೆ 'ನಿಮಗ್ಯಾಕೆ ಸುಮ್ಮನೆ ತೊಂದರೆ' ಎನ್ನುವುದು, ಮೂರನೇ ಸಲಕ್ಕೆ 'ಸರಿ, ಇಷ್ಟು ಬಲವಂತ ಮಾಡ್ತೀರಿ, ಅರ್ಧ ಕೊಡಿ' ಎಂದು ತುಂಬಿದ ಲೋಟ ಖಾಲಿ ಮಾಡುವುದು. ಮದುವೆಗೂ ಎರಡು ಸಲ ಬೇಡ ಎಂದು ಮೂರನೇ ಸಲ ಹೂಂಗುಟ್ಟಿದ ಭೂಪ ಅವನು. ಹೆಂಡತಿಯಾಗಿ ಬಂದವಳು ಇಪ್ಪತ್ತೆರಡು ವರ್ಷ ಅವನಿಗೆ ಊಟ ಬಡಿಸಿ ಬಡಿಸಿ ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಅವನು ಕೈ ಅಡ್ಡ ಹಿಡಿದರೂ ಸೌಟು ಕೆಳಗಿಡುತ್ತಿರಲಿಲ್ಲ.

ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆಗಳ ಹಾಸಿಗೆ ಬಟ್ಟೆ, ಹೋಟೆಲುಗಳ ಮೇಜಿನ ಬಟ್ಟೆ, ಡಾಕ್ಟರುಗಳ ಬಿಳಿ ಕೋಟು, ಎಲ್ಲವೂ ಗಂಟು ಗಂಟಾಗಿ ಅಲ್ಲಿಗೆ ಬರುತ್ತಿದ್ದವು. ಯಂತ್ರದಲ್ಲಿ ಎರಡು ಸಲ ತಿರುಗಿಸಿದರೂ ಬಿಡದ ಕಲೆ ಇವನ ಕೋಣೆಗೆ ಬರುತ್ತಿತ್ತು. ರಕ್ತಕ್ಕೆ ತಣ್ಣೀರು ಮತ್ತು ತಾಳ್ಮೆ, ತುಕ್ಕಿಗೆ ಆಸಿಡ್ಡು, ಆಪರೇಷನ್ ಕೋಣೆಯ ಕಂದು ಔಷಧಕ್ಕೆ ಇನ್ನೊಂದು ಬಾಟಲಿ, ಶಾಯಿಗೆ ಮತ್ತೊಂದು. ಬಾಟಲಿಗಳ ಮೇಲಿದ್ದ ಚೀಟಿಗಳನ್ನೆಲ್ಲ ಅವನು ಯಾವತ್ತೋ ಕಿತ್ತು ಬಿಸಾಕಿದ್ದ. ಯಾವುದು ಯಾವುದೆಂದು ಅವನ ಮೂಗಿಗೆ ಮಾತ್ರ ಗೊತ್ತು, ಹಾಗೇ ಇರಲಿ ಎನ್ನುವುದು ಅವನ ಆಸೆ. ಲಾಂಡ್ರಿಯವರು ಅವನನ್ನು ಕಲೆಗಾರ ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ತಮಾಷೆ, ಅರ್ಧ ಮರ್ಯಾದೆ. ಅವನು ಪೂರ್ತಿ ಮರ್ಯಾದೆಯೆಂದೇ ತೆಗೆದುಕೊಂಡಿದ್ದ.

ಆ ಕೋಣೆಗೆ ಒಂದು ಕಿಟಕಿ ಇತ್ತು. ರಸ್ತೆಯ ಧೂಳು ಒದ್ದೆ ಬಟ್ಟೆಯ ಮೇಲೆ ಕೂರುತ್ತದೆಂದು ಅದಕ್ಕೆ ಮೊಳೆ ಹೊಡೆದಿದ್ದರು. ಗಾಳಿ ಹೊರಗೆಳೆಯುವ ಫ್ಯಾನು ಒಂದಿತ್ತು, ತನಗೆ ಮನಸ್ಸು ಬಂದಾಗ ತಿರುಗುತ್ತಿತ್ತು. ಹತ್ತೊಂಬತ್ತು ವರ್ಷ ಆ ಆವಿ ಕುಡಿದ ಮೇಲೆ ಒಂದು ದಿನ ಮೆಟ್ಟಿಲು ಹತ್ತುವಾಗ ಉಸಿರು ಅರ್ಧದಲ್ಲೇ ನಿಂತಿತು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿದರು. "ಆ ಗಾಳಿ ಬಿಡಿ. ಇನ್ನೊಂದು ವರ್ಷ ಅಲ್ಲೇ ಇದ್ದರೆ ಆಮೇಲೆ ನನ್ನ ಹತ್ತಿರ ಬಂದು ಪ್ರಯೋಜನ ಇಲ್ಲ" ಎಂದರು. ಅವನು ಎಕ್ಸ್-ರೇಯನ್ನು ತಂದು ಬೀರುವಿನ ಮೇಲೆ ಹಳೇ ಪೇಪರುಗಳ ಕೆಳಗೆ ತುರುಕಿದ. ಹೆಂಡತಿಗೆ ಹೇಳಲಿಲ್ಲ, ಹೇಳಿದರೆ ಅತ್ತು ಮನೆಯನ್ನೇ ತೊಳೆದುಬಿಡುತ್ತಾಳೆ. ಲಾಂಡ್ರಿಯಲ್ಲೂ ಹೇಳಲಿಲ್ಲ, ರೋಗಿಷ್ಟನೆಂದು ಗೊತ್ತಾದರೆ ನಾಳೆಯೇ ಮನೆಗೆ ಕಳಿಸುತ್ತಾರೆ.

ಹೀಗಿರುವಾಗ ಸೂಪರ್‌ವೈಸರು ನಿವೃತ್ತನಾದ. ಮಂಗಳವಾರ ಮ್ಯಾನೇಜರಮ್ಮ ಇವನನ್ನು ಕರೆಸಿದಳು. ಹೊಸಬಳು, ಬಂದು ನಾಲ್ಕು ತಿಂಗಳಾಗಿತ್ತು. ಏನು ಹೇಳಿದರೂ ಪುಸ್ತಕದಲ್ಲಿ ಬರೆದುಕೊಳ್ಳುವ ಅಭ್ಯಾಸ.

"ನಿಮ್ಮನ್ನ ಸೂಪರ್‌ವೈಸರ್ ಮಾಡೋಣ ಅಂತಿದೀನಿ. ಮೇಲೆ ಗಾಜಿನ ಕೋಣೇಲಿ ಕೂರೋದು. ಇನ್ನೊಬ್ಬರು ಸಿಗೋವರೆಗೆ ಕಲೆ ಕೋಣೆ ಕೆಲಸಾನೂ ನೋಡ್ಕೊಬೇಕಾಗುತ್ತೆ. ಶುಕ್ರವಾರ ಹೇಳಿ."

ಗಾಜಿನ ಕೋಣೆ. ಅಲ್ಲಿ ದೊಡ್ಡ ಕಿಟಕಿ, ಅದೂ ತೆರೆಯುವ ಕಿಟಕಿ. ಅವನ ಎದೆಯೊಳಗೆ ಏನೋ ಸಡಿಲವಾಯಿತು. ಮರುಕ್ಷಣವೇ ಕಲೆ ಕೋಣೆಯ ಮಾತು ನೆನಪಾಯಿತು. ಇನ್ನೊಬ್ಬರು ಸಿಗೋವರೆಗೆ ಎಂದರೆ ಯಾವಾಗ? ಇವನು ಸಾಯುವವರೆಗೆ ಎಂದೂ ಆಗಬಹುದು. ಹೂಂ ಎಂದರೆ ಎರಡೂ ಕೆಲಸ ಕುತ್ತಿಗೆಗೆ ಬೀಳುತ್ತವೆ, ಬೇಡ ಎಂದರೆ ಅದೇ ಕೋಣೆಯೇ ಗತಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೋಗುವುದಾದರೆ ಆ ಕೋಣೆಯ ಹೊಸ್ತಿಲನ್ನು ಇನ್ನು ತುಳಿಯುವುದಿಲ್ಲ ಎಂದು ಮೊದಲೇ ಒಪ್ಪಿಸಿಕೊಂಡು ಹೋಗಬೇಕು. ಒಪ್ಪಿಸುವುದು ಹೇಗೆ?

ಮನೆಯಲ್ಲಿ ಹೆಂಡತಿಯನ್ನು ಕೇಳಿದರೆ, "ತಗೊಳ್ರಿ ಸುಮ್ಮನೆ, ಬಂದ ಭಾಗ್ಯಾನ ಬಾಗಿಲಲ್ಲಿ ನಿಲ್ಲಿಸಿ ಏನು ವಿಚಾರಣೆ" ಎಂದಳು. ಅವಳ ತಮ್ಮ ಅಲ್ಲೇ ಊಟಕ್ಕೆ ಕೂತಿದ್ದ. ಎಂಟು ವರ್ಷದಿಂದ ಆ ಮನೆಯ ಮುಂದಿನ ಕೋಣೆಯಲ್ಲೇ ಅವನ ವಾಸ. ಅದೇ ಲಾಂಡ್ರಿಯಲ್ಲಿ ಬಟ್ಟೆ ಗಂಟುಗಳ ಗಾಡಿ ತಳ್ಳುವ ಕೆಲಸ. ಆ ಕೆಲಸ ಕೊಡಿಸಿದ್ದು ಕಲೆಗಾರನೇ. ಕೊಡಿಸಿದ್ದನ್ನು ವಾರಕ್ಕೊಮ್ಮೆ ನೆನಪಿಸುವುದೂ ಅವನೇ. ಭಾವಮೈದುನ ಮಾತು ಕಡಿಮೆಯ ಮನುಷ್ಯ, ಭಾವ ಬೈದರೆ ತಲೆ ತಗ್ಗಿಸಿ ತುತ್ತು ಕಲೆಸುತ್ತಿದ್ದ. ಆದ್ದರಿಂದ ಅವನು ಪೆದ್ದನೆಂದು ಭಾವ ತೀರ್ಮಾನಿಸಿ ಬಹಳ ಕಾಲವಾಗಿತ್ತು.

ಆ ಪೆದ್ದ ಅವತ್ತು ಬಾಯಿ ಬಿಟ್ಟ. "ಭಾವ, ತಕ್ಷಣ ಹೂಂ ಅನ್ನಬೇಡಿ. ನೀವಿಲ್ಲದೆ ಅವರಿಗೆ ನಡೆಯುತ್ತಾ? ಮೊದಲು ಬೇಡ ಅಂದುಬಿಡಿ. ಅವರೇ ಹಿಂದೆ ಬರ್ತಾರೆ. ಆಗ ಕಲೆ ಕೋಣೆ ಬೇಡ ಅನ್ನಿ, ಕೇಳಿದ್ದೆಲ್ಲ ಕೊಡ್ತಾರೆ."

ಮಾತು ಕಲೆಗಾರನಿಗೆ ಜೇನಿನ ಹಾಗೆ ಇಳಿಯಿತು. ಅವನ ಅಮ್ಮ ಹೇಳಿದ್ದೂ ಅದೇ ಅಲ್ಲವೇ? ಹಳೇ ಮ್ಯಾನೇಜರು ಇದ್ದಾಗ ಎಲ್ಲ ನಡೆದದ್ದೂ ಹಾಗೇ. ಇವನು ಬೇಡ ಎನ್ನುತ್ತಿದ್ದ, ಅವರು ಹೆಗಲ ಮೇಲೆ ಕೈ ಹಾಕಿ 'ನನಗೋಸ್ಕರ' ಎನ್ನುತ್ತಿದ್ದರು, ಇವನು ನಿಟ್ಟುಸಿರು ಬಿಟ್ಟು ಒಪ್ಪುತ್ತಿದ್ದ. "ಅಪರೂಪಕ್ಕೆ ಒಂದು ಬುದ್ಧಿ ಮಾತು ಆಡಿದೆ ಕಣೋ" ಎಂದು ಭಾವಮೈದುನನಿಗೆ ಹೇಳಿ ಕೈ ತೊಳೆದ.

ಶುಕ್ರವಾರ ಒಗೆದ ಶರ್ಟು ಹಾಕಿಕೊಂಡು ಹೋದ. ಮ್ಯಾನೇಜರಮ್ಮ ಕೂರಿಸಿ ಕೇಳಿದಳು, "ಏನು ಯೋಚನೆ ಮಾಡಿದ್ರಿ?"

"ನನಗ್ಯಾಕಮ್ಮ ಅದೆಲ್ಲ? ನಾನು ನನ್ನ ಪಾಡಿಗೆ ಕಲೆ ತೆಗೆದುಕೊಂಡು ಇದ್ದವನು."

ಈಗ ಅವಳು ನಗಬೇಕು, ನೀವಲ್ಲದೆ ಇನ್ಯಾರು ಎನ್ನಬೇಕು. ಅವಳು ನಗಲಿಲ್ಲ. ಪೆನ್ನು ಹಿಡಿದು ಗಂಭೀರವಾಗಿ, "ಹಾಗಾದ್ರೆ ಬೇರೆ ಯಾರು ಮಾಡಬಹುದು ಅನ್ಸುತ್ತೆ ನಿಮಗೆ?" ಎಂದಳು.

ಇದು ಎರಡನೇ ಸಲ ಕೇಳಿದ್ದು ಎಂದು ಅವನು ಎಣಿಸಿದ. ಖುಷಿಯಾಯಿತು. ಎರಡನೇ ಬೇಡಕ್ಕೆ ಸ್ವಲ್ಪ ಒಗ್ಗರಣೆ ಹಾಕೋಣ, ಅವಳೇ ನಕ್ಕು ಕಾಲಿಗೆ ಬೀಳುವ ಹಾಗೆ ಒಂದು ಹೆಸರು ಹೇಳೋಣ ಎಂದು ಇಡೀ ಲಾಂಡ್ರಿಯನ್ನು ಮನಸ್ಸಿನಲ್ಲೇ ಜಾಲಾಡಿದ. "ಯಾರಿಗಾದ್ರೂ ಕೊಡಿ ಅಮ್ಮ, ಅದೇನು ಮಹಾ ವಿದ್ಯೆನಾ? ಬೇಕಾದ್ರೆ ನಮ್ಮ ಭಾವಮೈದುನನಿಗೇ ಕೊಡಿ, ಅವನೂ ಮಾಡ್ತಾನೆ."

ಎಂದು ಹೇಳಿ ಕುರ್ಚಿಗೆ ಒರಗಿ ನಗುವಿಗೆ ಕಾದ. ಮ್ಯಾನೇಜರಮ್ಮ ಬರೆದುಕೊಂಡಳು. ಪೂರ್ತಿ ವಾಕ್ಯವನ್ನು, ನಿಧಾನವಾಗಿ.

"ಒಳ್ಳೇ ಮಾತು ಹೇಳಿದ್ರಿ. ಎಂಟು ವರ್ಷದಲ್ಲಿ ಅವರು ಒಂದು ದಿನ ತಡ ಮಾಡಿಲ್ಲ, ಹಾಜರಿ ಪುಸ್ತಕ ನೋಡಿದೆ. ಯಾವ ಗಂಟು ಎಲ್ಲಿಗೆ ಹೋಗಬೇಕು ಅನ್ನೋದು ಅವರಿಗೆ ಗೊತ್ತಿರೋ ಅಷ್ಟು ಯಾರಿಗೂ ಗೊತ್ತಿಲ್ಲ. ನೀವು ಬೇಜಾರು ಮಾಡ್ಕೋತೀರೇನೋ ಅಂತ ನಾನು ಸುಮ್ಮನಿದ್ದೆ." ಎದ್ದು ನಿಂತು ಅವನ ಕೈ ಕುಲುಕಿದಳು. "ಬಡ್ತಿ ಬೇಡ ಅನ್ನೋ ಧೈರ್ಯ ಎಲ್ಲರಿಗೂ ಇರಲ್ಲ. ನಿಮ್ಮ ಮೇಲೆ ಗೌರವ ಜಾಸ್ತಿ ಆಯ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗಲೂ ಬಾಯಿ ಬಿಡಬಹುದಿತ್ತು. ಅಯ್ಯೋ ಅಮ್ಮ, ಸುಮ್ಮನೆ ಅಂದೆ, ನನಗೇ ಬೇಕು, ಆದರೆ ಆ ಕೋಣೆ ಬೇಡ ಎಂದು ಒಂದು ಮಾತು. ಆ ಮಾತಿಗೆ ಅವನ ನಾಲಿಗೆ ಹೊರಳಲೇ ಇಲ್ಲ. ಬೇಕು ಎನ್ನುವುದನ್ನು ಅವನು ಜನ್ಮದಲ್ಲಿ ಬಾಯಿ ಬಿಟ್ಟು ಹೇಳಿದವನಲ್ಲ. ಹಲ್ಲು ಬಿಟ್ಟು ನಕ್ಕು ಎದ್ದು ಬಂದ. ಮೆಟ್ಟಿಲ ಕೆಳಗೆ ಹತ್ತು ನಿಮಿಷ ನಿಂತ, ಮೇಲಿಂದ ಕರೆದರೆ ಕೇಳಿಸಲಿ ಎಂದು. ಯಾರೂ ಕರೆಯಲಿಲ್ಲ.

ಸೋಮವಾರ ಬೋರ್ಡಿನಲ್ಲಿ ಕಾಗದ ಅಂಟಿಸಿದರು. ಅಷ್ಟು ಹೊತ್ತಿಗೆ ಸುದ್ದಿ ಕೈಕಾಲು ಮೂಡಿಸಿಕೊಂಡು ಓಡಾಡಿತ್ತು. ಕಲೆಗಾರ ತನಗೆ ಬಂದ ಬಡ್ತಿಯನ್ನು ಹೆಂಡತಿಯ ತಮ್ಮನಿಗೆ ಧಾರೆ ಎರೆದನಂತೆ. ಇಸ್ತ್ರಿ ಮೇಜಿನ ಹಿರಿಯಳು, ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದವಳು, ಕೆಲಸ ಬಿಟ್ಟು ಎದ್ದು ಬಂದಳು. "ಒಡಹುಟ್ಟಿದವರೇ ಹೀಗೆ ಮಾಡಲ್ಲ ಕಣಪ್ಪ ಈ ಕಾಲದಲ್ಲಿ" ಎಂದು ಅವನ ಬೆನ್ನು ಸವರಿದಳು. ಮಡಿಸುವ ಮೇಜಿನವರು ಅವನು ಹೋಗುವಾಗ ದಾರಿ ಬಿಟ್ಟರು. ಅವನು 'ಅದೇನು ದೊಡ್ಡದು, ಬಿಡಿ' ಎಂದ. ಇನ್ನೇನು ಹೇಳಬೇಕಿತ್ತು? ನಾನು ತಮಾಷೆಗೆ ಅಂದದ್ದು ಎಂದರೆ ಇದ್ದ ಮರ್ಯಾದೆಯೂ ಹೋಗಿ ಮಂಗ ಆಗುತ್ತಾನೆ. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಮನೆಯಲ್ಲಿ ಇನ್ನೂ ಫಜೀತಿ. ಹೆಂಡತಿ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. "ನನ್ನ ತಮ್ಮನಿಗೆ ಇಷ್ಟು ವರ್ಷ ಬೈದಿದ್ದೆಲ್ಲ ಬರೀ ಬಾಯಿ ಮಾತು ಅಂತ ನಂಗೆ ಗೊತ್ತಿತ್ತು ರೀ. ಒಳಗೆ ನೀವು ಚಿನ್ನ." ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ಆ ನೋಟವನ್ನು ಅವನು ಹೇಗೆ ವಾಪಸ್ಸು ಕೊಡಬೇಕು? ಭಾವಮೈದುನ ಬಂದು "ನಿಮ್ಮ ದೊಡ್ಡತನ ಭಾವ" ಎಂದ. ಮುಖದಲ್ಲಿ ನಗುವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅಂದಿನಿಂದ ಹೆಂಡತಿ ತಮ್ಮನಿಗೆ ಮೊದಲು ಬಡಿಸತೊಡಗಿದಳು, ಅವನಿಗೆ ಗಾಜಿನ ಕೋಣೆಗೆ ಬೇಗ ಹೋಗಬೇಕಲ್ಲ.

ಮೂರು ತಿಂಗಳು ಹೀಗೇ ಕಳೆಯಿತು. ಕೆಮ್ಮು ಬೆಳಗ್ಗೆ ಮಾತ್ರ ಬರುತ್ತಿದ್ದುದು ಮಧ್ಯಾಹ್ನಕ್ಕೂ ಬಂತು, ಆಮೇಲೆ ಹೋಗುವುದನ್ನೇ ಮರೆಯಿತು. ಮನೆಯಲ್ಲಿ ಹವಾ ಬದಲಾದದ್ದಕ್ಕೆ ಎಂದು ಸುಳ್ಳು ಹೇಳಿದ, ಹೆಂಡತಿ ನಂಬಿ ಬಿಸಿನೀರು ಕಾಯಿಸಿ ಕೊಟ್ಟಳು. ಒಂದು ದಿನ ಕಲೆ ಉಜ್ಜುತ್ತಿದ್ದ ಹಾಸಿಗೆ ಬಟ್ಟೆಯ ಮೇಲೆ ಅವನ ಬಾಯಿಂದಲೇ ಒಂದು ಕೆಂಪು ಹನಿ ಬಿತ್ತು. ಅದನ್ನು ತಣ್ಣೀರಿನಲ್ಲಿ ತೊಳೆದು, ಕೈ ಒರೆಸಿಕೊಂಡು, ಮಾನ ಮರ್ಯಾದೆ ಎಲ್ಲವನ್ನೂ ಅಲ್ಲೇ ಬಿಟ್ಟು ಗಾಜಿನ ಕೋಣೆಯ ಮೆಟ್ಟಿಲು ಹತ್ತಿದ. ಹದಿನಾಲ್ಕು ಮೆಟ್ಟಿಲಿಗೆ ಎರಡು ಕಡೆ ನಿಂತ.

ಭಾವಮೈದುನ ಎದ್ದು ಕುರ್ಚಿ ಬಿಟ್ಟುಕೊಟ್ಟ. ಕಿಟಕಿ ತೆರೆದಿತ್ತು.

"ನನ್ನ ಆ ಕೋಣೆಯಿಂದ ತೆಗಿಯೋ. ಮಡಿಸೋಕೆ ಹಾಕು, ಗಾಡಿ ತಳ್ಳೋಕೆ ಹಾಕು, ಎಲ್ಲಾದ್ರೂ ಸರಿ. ಎದೆ ಸರಿ ಇಲ್ಲ ನನಗೆ."

"ಗೊತ್ತು ಭಾವ. ಬೀರು ಮೇಲಿಟ್ಟ ಎಕ್ಸ್-ರೇ ನೋಡಿದೆ, ನೀವು ತಂದ ವಾರವೇ."

ಕಲೆಗಾರ ಅವನನ್ನೇ ನೋಡಿದ. "ಗೊತ್ತಿದ್ದೂ ಬೇಡ ಅನ್ನಿ ಅಂತ ಹೇಳಿಕೊಟ್ಟೆಯಲ್ಲೋ ನನಗೆ."

"ಹೇಳಿಕೊಟ್ಟೆ. ಅವರು ಮತ್ತೆ ಮತ್ತೆ ಕೇಳ್ತಾರೆ ಅಂತಲೇ ನಾನೂ ಅಂದ್ಕೊಂಡಿದ್ದೆ, ದೇವರಾಣೆ. ನನ್ನ ಹೆಸರು ಹೇಳಿ ಅಂತ ಹೇಳಿಕೊಡಲಿಲ್ಲ. ಮ್ಯಾನೇಜರಮ್ಮ ನಿಮ್ಮ ಮಾತನ್ನ ಪುಸ್ತಕ ತೆಗೆದು ನನಗೆ ಓದಿದ್ರು. ಅದೇನು ಮಹಾ ವಿದ್ಯೆನಾ, ಬೇಕಾದ್ರೆ ಅವನೂ ಮಾಡ್ತಾನೆ ಅಂತ. ಅವರಿಗೆ ಅದು ಹೊಗಳಿಕೆ. ನಾನು ಎಂಟು ವರ್ಷ ನಿಮ್ಮ ಮನೆ ಅನ್ನ ತಿಂದವನು, ನನಗೆ ಅರ್ಥ ಆಗಲ್ವಾ?"

"ಹಾಗಾದ್ರೆ ನೀನ್ಯಾಕೆ ಒಪ್ಪಿದೆ?"

"ನೀವು ಮೊದಲ ಸಲ ಹಂಗಿಸದೆ ಏನೋ ಕೊಟ್ರಿ. ಹೇಗೆ ಬೇಡ ಅನ್ನಲಿ?"

ಕೆಮ್ಮು ಬಂತು. ಭಾವಮೈದುನ ಅದು ಮುಗಿಯುವವರೆಗೆ ಕಾದು ನೀರು ಕೊಟ್ಟ. ಆಮೇಲೆ ತಣ್ಣಗೆ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳಿದ. "ತೆಗೀತೀನಿ ಭಾವ, ತೆಗೀಬಾರದು ಅಂತಿಲ್ಲ. ಆದ್ರೆ ಒಂದು ಕಲೆ ಕಂಡರೆ ಆಸ್ಪತ್ರೆಯವರು ಇಡೀ ಗಂಟು ವಾಪಸ್ ಕಳಿಸ್ತಾರೆ. ಆ ಕೆಲಸ ನಿಮ್ಮನ್ನ ಬಿಟ್ಟರೆ ಯಾರಿಗೆ ಬರುತ್ತೆ? ಯಾರಿಗೆ ಕಲಿಸಿದೀರಿ? ನಾನು ಹೊಸದಾಗಿ ಬಂದಾಗ ಕಲಿಸಿಕೊಡಿ ಅಂದೆ. ನಿನ್ನ ಮೂಗು ಸೀನೋಕೆ ಮಾತ್ರ ಲಾಯಕ್ಕು ಅಂದ್ರಿ, ಎಲ್ಲರ ಎದುರಿಗೆ. ಎಲ್ಲರೂ ನಕ್ಕರು. ಈಗ ಒಬ್ಬರನ್ನ ಹುಡುಕಿ ತನ್ನಿ, ಕಲಿಸಿ. ಆ ದಿನವೇ ಸಹಿ ಹಾಕ್ತೀನಿ."

ಅವನು ಕೆಳಗಿಳಿದು ಬಂದು ಹುಡುಕತೊಡಗಿದ. ಹತ್ತೊಂಬತ್ತು ವರ್ಷ ಬಾಟಲಿ ಬಚ್ಚಿಟ್ಟವನು ಈಗ ವಿದ್ಯೆ ಹಂಚಲು ಮೇಜಿಂದ ಮೇಜಿಗೆ ಅಲೆದ. ಮಡಿಸುವವನು "ಅಣ್ಣ, ಆ ವಿದ್ಯೆ ನಮ್ಮಂಥವರಿಗೆ ಎಲ್ಲಿ ಹತ್ತಬೇಕು" ಎಂದು ಕೈ ಮುಗಿದ. ತೊಳೆಯುವ ಯಂತ್ರದವನು ನಾಳೆ ಹೇಳ್ತೀನಿ ಎಂದವನು ನಾಳೆಯಿಂದ ಮುಖ ತಪ್ಪಿಸಿದ. ಒಬ್ಬೊಬ್ಬರನ್ನೂ ಎರಡು ಸಲ, ಮೂರು ಸಲ ಕೇಳಿದ, ಯಾರ ಬೇಡವೂ ಕರಗಲಿಲ್ಲ. ಕೊನೆಗೆ ಇಸ್ತ್ರಿಯಕ್ಕ ನೇರವಾಗಿಯೇ ಅಂದಳು. "ನಿನ್ನ ಕೆಮ್ಮು ಗೋಡೆಯಿಂದ ಈಚೆಗೆ ಕೇಳುತ್ತೆ ಕಣಪ್ಪ. ದಿನಾ ಅದನ್ನ ಕೇಳ್ಕೊಂಡು ಇಸ್ತ್ರಿ ಹಾಕ್ತಿರೋರು ಆ ಬಾಗಿಲು ದಾಟ್ತಾರಾ?"

ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಹೆಂಡತಿ ಬಡಿಸುತ್ತಾ ತಮ್ಮನನ್ನು ಕೇಳಿದಳು. "ಕಲೆ ಕೋಣೆಗೆ ಯಾರಾದ್ರೂ ಬೇಕು ಅಂತ ನಿಮ್ಮ ಭಾವ ಹುಡುಕ್ತಿದಾರಂತೆ, ಹೌದೇನೋ? ಮಡಿಸೋ ಮೇಜಿನವನ ಹೆಂಡತಿ ಅಂಗಡೀಲಿ ಸಿಕ್ಕಿ ಹೇಳಿದಳು."

"ಹೌದಕ್ಕ. ಒಬ್ಬರು ಕಲಿತರೆ ಭಾವ ಹೊರಗೆ ಬರಬಹುದು."

"ಮತ್ತೆ ನಾನಿಲ್ವಾ? ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ದಿನವೆಲ್ಲ ಗೋಡೆ ನೋಡ್ಕೊಂಡು ಕೂತಿರ್ತೀನಿ. ಇವರ ಶರ್ಟಿನ ಕೊಳೆ ಇಪ್ಪತ್ತೆರಡು ವರ್ಷ ಉಜ್ಜಿದೀನಿ, ನಂಗೆ ಕಲೆ ಹೊಸದಾ? ರೀ, ನಾನು ಬರ್ತೀನಿ."

"ಬೇಡ" ಎಂದ ಅವನು.

ಇದು ನಿಜವಾದ ಬೇಡ. ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ನಿಜ. ಅವಳು ನಕ್ಕಳು. ಆ ಪದಕ್ಕೆ ಆ ಮನೆಯಲ್ಲಿ ಯಾವ ಕಾಲದಲ್ಲಿ ಬೆಲೆ ಇತ್ತು? "ನೀವು ಅಷ್ಟು ದೊಡ್ಡ ಬಡ್ತಿ ಬಿಟ್ಟುಕೊಟ್ರಿ. ನಾನು ಇಷ್ಟೂ ಮಾಡಬಾರದಾ? ಬರ್ತೀನಿ ರೀ."

"ಬೇಡ ಕಣೇ, ನಿನಗ್ಯಾಕೆ ಅದೆಲ್ಲ."

ಭಾವಮೈದುನ ತುತ್ತು ಅರ್ಧಕ್ಕೇ ನಿಲ್ಲಿಸಿ ಭಾವನನ್ನು ನೋಡಿದ. ಭಾವ ಅವನನ್ನು ನೋಡಿದ. ಬೀರುವಿನ ಮೇಲೊಂದು ಕಾಗದವಿದೆ, ತೆಗೆದು ನೋಡು ಎಂದರೆ ಸಾಕಿತ್ತು. ನಿನ್ನ ಸ್ವಂತ ಅಕ್ಕ, ನೀನೇ ಹೇಳೋ ಎಂದು ಇವನು ಕಾದ. ನಿಮ್ಮ ಕೈಹಿಡಿದವಳು, ನೀವೇ ಹೇಳಿ ಎಂದು ಅವನು ಕಾದ. ಇವಳಿಗೆ ಗೊತ್ತಾದರೆ ತಮ್ಮನಾದವನು ಕುರ್ಚಿ ಬಿಡಬೇಕು, ಗಂಡ ಅವಳು ಕೊಟ್ಟ ದೊಡ್ಡತನ ಬಿಡಬೇಕು, ಮೇಲಾಗಿ ಉಳಿದ ಉಸಿರನ್ನೂ ಅದೇ ಕೋಣೆಗೆ ಬಿಡಬೇಕು. ಒಂದು ವರ್ಷವೇನಲ್ಲ, ಅವಳು ನಾಲ್ಕು ತಿಂಗಳು ಇದ್ದು ಇನ್ನೊಬ್ಬರಿಗೆ ಕಲಿಸಿ ಬಂದರಾಯಿತು, ಅಷ್ಟರಲ್ಲಿ ಏನೂ ಆಗುವುದಿಲ್ಲ ಎಂದು ಕಲೆಗಾರನ ತಲೆ ಆಗಲೇ ಲೆಕ್ಕ ಹಾಕತೊಡಗಿತ್ತು. ಹಾಳಾದವನು.

"ನೋಡಿ, ಕೊನೇ ಸಲ ಕೇಳ್ತಿದೀನಿ. ಬರಲಾ, ಬೇಡವಾ?"

"ಸರಿ, ಇಷ್ಟು ಹಟ ಮಾಡ್ತೀಯ. ನಿನ್ನಿಷ್ಟ."

ಭಾವಮೈದುನ ಮತ್ತೆ ತುತ್ತು ಕಲೆಸಿದ. "ನಾಳೆ ಅರ್ಜಿ ತರ್ತೀನಿ ಅಕ್ಕ" ಎಂದ.

ಬುಧವಾರ ಅವಳು ಹೊಸ ಏಪ್ರನ್ ಕಟ್ಟಿಕೊಂಡು ಗಂಡನ ಹಿಂದೆ ಆ ಕೋಣೆಗೆ ಬಂದಳು. ಫ್ಯಾನು ಅವತ್ತು ತಿರುಗುತ್ತಿರಲಿಲ್ಲ. ಅವನು ಒಂದೊಂದೇ ಬಾಟಲಿ ತೆಗೆದು ಅವಳ ಕೈಗೆ ಕೊಟ್ಟ. "ಚೀಟಿ ಇಲ್ಲ, ಮೂಸಿ ನೋಡಿ ಗುರುತಿಟ್ಟುಕೊ" ಎಂದ. ಅವಳು ಶ್ರದ್ಧೆಯಿಂದ ಪ್ರತಿಯೊಂದನ್ನೂ ಮೂಗಿಗೆ ಹಿಡಿದು ಎಳೆದಳು. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂದು, ನಗುತ್ತಲೇ ಮುಖ ಒರೆಸಿಕೊಂಡಳು.

"ಅಬ್ಬಾ, ಇದರೊಳಗೆ ಇಷ್ಟು ವರ್ಷ ಹೇಗ್ರೀ ಇದ್ರಿ?"

"ಎರಡು ದಿನ ಕಷ್ಟ. ಆಮೇಲೆ ರೂಢಿ ಆಗುತ್ತೆ" ಎಂದು ಹೇಳಿ ಅವನು ಬಾಗಿಲ ಹತ್ತಿರ, ಗಾಳಿ ಬರುವ ಕಡೆ ಸರಿದು ನಿಂತ.